ಜಾಬ್ ಕಾರ್ಡ್ ೨೨೧೮

ಕಂತು ಒಂಬತ್ತು

"ಟಾರ್ಚು ಸ್ವಲ್ಪ ಎಡಕ್ಕೆ ಹಿಡೀರಿ. ಇನ್ನೂ ಸ್ವಲ್ಪ. ಹಾಂ, ಅಲ್ಲೇ. ಅಲ್ಲಾಡಿಸ್ಬೇಡಿ."

ಧರಣೇಂದ್ರರ ದನಿ ಕಾರಿನ ಅಡಿಯಿಂದ ಬಂತು. ಹೊರಗೆ ಕಾಣುತ್ತಿದ್ದದ್ದು ಮಂಡಿಯಿಂದ ಕೆಳಗಿನ ಅವರ ಕಾಲುಗಳು ಮಾತ್ರ. ಕೃಪಾ ಗೋಣಿಚೀಲದ ಮೇಲೆ ಮೊಣಕಾಲೂರಿ, ಜಜ್ಜಿಹೋದ ಬಾನೆಟ್ಟಿನ ಸಂದಿಯಲ್ಲಿ ಕೈ ತೂರಿಸಿ ಟಾರ್ಚು ಹಿಡಿದಿದ್ದಳು.

ತಿರುವನಂತಪುರದ ಹೊರಗಿನ ಪೊಲೀಸ್ ಠಾಣೆಯ ಹಿಂದಿನ ಅಂಗಳ ಅದು. ಬೆಳಗಿನ ಎಂಟು ಗಂಟೆಗೇ ಬಿಸಿಲು ಚುರುಕಾಗಿತ್ತು. ಜಪ್ತಿಯಾದ ಆಟೊ, ಬೈಕುಗಳ ನಡುವೆ ಅವಳ ಗಂಡನ ಬಿಳಿ ಕಾರು ಮೂತಿ ಒಡೆದುಕೊಂಡು ನಿಂತಿತ್ತು. ಕೊಂಡು ಹದಿನಾಲ್ಕು ತಿಂಗಳಾಗಿತ್ತು. ವಾರಂಟಿ ಮುಗಿಯಲು ಇನ್ನೂ ಹತ್ತು ತಿಂಗಳಿತ್ತು.

ಹದಿನೆಂಟು ದಿನಗಳ ಹಿಂದೆ, ಎರಡು ಸಾವಿರದ ಎಂಟರ ಫೆಬ್ರವರಿ ಏಳರಂದು, ಕಳಕ್ಕೂಟ್ಟಂ ಬೈಪಾಸಿನ ತಿರುವಿನಲ್ಲಿ ಈ ಕಾರು ತಿರುಗದೆ ನೇರ ಹೋಗಿ ಕಲ್ಲಿನ ಕಟ್ಟೆಗೆ ಬಡಿದಿತ್ತು. ಓಡಿಸುತ್ತಿದ್ದ ಸುಧನ್ವನ ತೊಡೆಯ ಮೂಳೆ ಮುರಿದಿತ್ತು. ಪಕ್ಕದಲ್ಲಿ ಕೂತಿದ್ದ ಮೇರಿ ಲೋಬೊ ಎಂಬಾಕೆ ಅಲ್ಲೇ ತೀರಿಕೊಂಡಿದ್ದಳು.

'ಸ್ಟಿಯರಿಂಗ್ ಬಿಗಿದುಕೊಂಡಿತು' ಎಂದಿದ್ದ ಸುಧನ್ವ. 'ಎರಡೇ ದಿನದ ಹಿಂದೆ ಹೊಸ ಸ್ಟಿಯರಿಂಗ್ ಬಾಕ್ಸ್ ಹಾಕಿ ಕೊಟ್ಟಿದ್ದೇವೆ, ನಮ್ಮ ತಪ್ಪಿಲ್ಲ' ಎಂದಿತ್ತು ಕಾರು ಮಾರಿದ ಮಂದಾರಂ ಆಟೋಸ್. ಅಜಾಗರೂಕ ಚಾಲನೆಯಿಂದ ಸಾವು ಎಂದು ಪೊಲೀಸರು ಕೇಸು ಬರೆದುಕೊಂಡಿದ್ದರು.

"ಸಿಕ್ಕಿತು!" ಎಂದರು ಧರಣೇಂದ್ರ.

"ಏನು ಸರ್?"

"ಬಣ್ಣ. ಹಳದಿ ಬಣ್ಣ ಉಂಟು."

ಅವರು ತೆವಳಿಕೊಂಡು ಹೊರಬಂದು, ಪುಟ್ಟ ಕನ್ನಡಿಯನ್ನು ಅಂಗಿಗೆ ಒರೆಸಿಕೊಂಡರು. ಐವತ್ತೆರಡರ ದಪ್ಪ ದೇಹ ಬೆವರಿನಲ್ಲಿ ತೊಯ್ದಿತ್ತು. ಕಣ್ಣು ಮಾತ್ರ ಚುರುಕಾಗಿತ್ತು.

"ವಾರಂಟಿಯಲ್ಲಿ ಕೆಟ್ಟ ಭಾಗ ಬಿಚ್ಚಿದ ಕೂಡಲೇ ಅದರ ಮೇಲೆ ಜಾಬ್ ಕಾರ್ಡಿನ, ಅಂದ್ರೆ ರಿಪೇರಿ ಚೀಟಿಯ, ನಂಬರನ್ನು ಹಳದಿ ಬಣ್ಣದಲ್ಲಿ ಬರೀತಾರೆ. ಮತ್ತೆ ಅದನ್ನು ಯಾರೂ ಬೇರೆ ಕಾರಿಗೆ ಹಾಕ್ಬಾರ್ದು ಅಂತ. ಬೀಗ ಹಾಕಿದ ಕೋಣೆಯಲ್ಲಿ ಇಟ್ಟು, ಆಮೇಲೆ ಕಂಪೆನಿಗೆ ಕಳಿಸುದು."

"ಹೊಸ ಭಾಗದ ಮೇಲೆ ಆ ಬಣ್ಣ ಯಾಕೆ ಬಂತು?"

"ಬರ್ಲಿಕ್ಕೇ ಇಲ್ಲ. ಯಾರೋ ಥಿನ್ನರ್ ಹಾಕಿ ಉಜ್ಜಿ ತೆಗೆದಿದ್ದಾರೆ. ಕ್ಲಾಂಪಿನ ಹಿಂದೆ ಬೆರಳು ಹೋಗುದಿಲ್ಲ ನೋಡಿ, ಅಲ್ಲಿ ಉಳಿದಿದೆ. ಬರ್ಕೊಳ್ಳಿ. ಎರಡು, ಎರಡು, ಒಂದು, ಎಂಟು."

ಕೃಪಾ ಡೈರಿಯಲ್ಲಿ ಬರೆದುಕೊಂಡಳು. ಆಮೇಲೆ ಚೀಲದಿಂದ ಸುಧನ್ವನ ಕಾಗದ ತೆಗೆದು ನೋಡಿದಳು. ಫೆಬ್ರವರಿ ಐದರ ಜಾಬ್ ಕಾರ್ಡು. ನಂಬರ್ ೨೩೬೭.

"ಇದು ನಮ್ಮದಲ್ಲ ಸರ್."

"ಅಲ್ಲ. ಬೇರೆ ಯಾರದ್ದೋ ಕಾರಿನಿಂದ, ಕೆಟ್ಟಿದೆ ಅಂತ ಬಿಚ್ಚಿದ್ದು. ಅದನ್ನು ತೊಳೆದು, ಹೊಸತು ಅಂತ ಹೇಳಿ, ನಿಮ್ಮ ಕಾರಿಗೆ ಹಾಕಿದ್ದಾರೆ."

ಕೃಪಾಳಿಗೆ ಕಾರಿಗೆ ಒರಗಿಕೊಳ್ಳಬೇಕೆನಿಸಿತು. ಆ ಕಾರನ್ನು ಮುಟ್ಟಲು ಮನಸ್ಸಾಗದೆ ಹಾಗೇ ನಿಂತಳು.

*

ಧರಣೇಂದ್ರರ ಹಳೆಯ ಅಂಬಾಸಿಡರ್ ಕೊಚ್ಚಿಯ ದಾರಿ ಹಿಡಿಯಿತು.

ಅವರು ಕಾರ್ಕಳದ ಕಡೆಯವರು. ಕೊಚ್ಚಿಯ ಕಲೂರಿನಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಪಘಾತವಾದ ಕಾರುಗಳನ್ನು ನೋಡಿ ವಿಮಾ ಕಂಪೆನಿಗಳಿಗೆ ವರದಿ ಕೊಡುವ ಸರ್ವೇಯರ್ ಕೆಲಸ. ಸುಧನ್ವನ ಕಾರು ಅವರ ಪಾಲಿಗೆ ಬಂದಿತ್ತು; ಅಪಘಾತದ ದಿನವೇ ಬಂದು ನೋಡಿದ್ದರು. ಮೊದಲ ಭೇಟಿಯಲ್ಲೇ ಅರ್ಜಿಯ ಮೇಲಿನ ಹೆಸರು ಓದಿ, "ಮೈಸೂರು ಕಡೆಯವರಾ?" ಎಂದು ಕನ್ನಡದಲ್ಲಿ ಕೇಳಿದ್ದರು. ಆಸ್ಪತ್ರೆ, ಠಾಣೆ, ಮಲಯಾಳದ ಎಫ್‌ಐಆರ್ ಎಂದು ಒಬ್ಬಳೇ ಅಲೆಯುತ್ತಿದ್ದ ಕೃಪಾ ಆ ಒಂದು ಮಾತಿಗೆ ಅತ್ತುಬಿಟ್ಟಿದ್ದಳು.

ಅವಳು ಟೆಕ್ನೋಪಾರ್ಕಿನಲ್ಲಿ ಕೆಲಸದಲ್ಲಿದ್ದಳು. ಸುಧನ್ವ ಅಂಬಲಮುಗಳ್‌ನ ತೈಲಾಗಾರದಲ್ಲಿ ಗುತ್ತಿಗೆ ಕಂಪೆನಿಯೊಂದರ ಎಂಜಿನಿಯರ್. ವಾರವೆಲ್ಲ ಅವನು ಕೊಚ್ಚಿಯಲ್ಲಿ, ಅವಳು ತಿರುವನಂತಪುರದಲ್ಲಿ. ಶನಿವಾರ ಮಧ್ಯಾಹ್ನ ಅವನು ಇದೇ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬರುತ್ತಿದ್ದ.

ಆದರೆ ಫೆಬ್ರವರಿ ಏಳು ಶನಿವಾರವಲ್ಲ. ಗುರುವಾರ.

"ಗುರುವಾರ ಅವರು ತಿರುವನಂತಪುರಕ್ಕೆ ಬರ್ತಿರೋದು ನಂಗೆ ಗೊತ್ತೇ ಇರ್ಲಿಲ್ಲ ಸರ್" ಎಂದಳು ಅವಳು, ಹರಿಪ್ಪಾಡಿನ ಚಹಾದಂಗಡಿಯಲ್ಲಿ. ಎದುರಿಗಿದ್ದ ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ತಣ್ಣಗಾಗಿತ್ತು. "ಆ ಮೇರಿ ಯಾರು ಅಂತ ಕೇಳಿದ್ರೆ 'ಪರಿಚಯದವರು' ಅಂತಾರೆ, ಅಷ್ಟೇ. ಅವರ ಮೊಬೈಲ್ ಬಿಲ್ ತೆಗೆಸಿದೆ. ಜನವರಿ ಒಂದೇ ತಿಂಗಳಲ್ಲಿ ಆಕೆಗೆ ನಲವತ್ತೊಂದು ಕಾಲ್."

ಧರಣೇಂದ್ರ ಪಳಂಪೊರಿಯನ್ನು ಎರಡು ತುಂಡು ಮಾಡಿ, ಒಂದನ್ನು ಅವಳ ತಟ್ಟೆಯ ಕಡೆ ಸರಿಸಿದರು.

"ತಿನ್ನಿ. ಹೊಟ್ಟೆ ಖಾಲಿ ಇಟ್ಕೊಂಡು ಯಾರ ಮೇಲೂ ಸಂಶಯ ಪಡ್ಬಾರ್ದು."

"ನೀವು ಪಡ್ತಿಲ್ವಾ?"

"ನಾನು ಎಲ್ಲರ ಮೇಲೂ ಪಡ್ತೇನೆ. ಆದ್ರೆ ತಿಂದುಕೊಂಡು."

ಅವಳು ನಗಲು ನೋಡಿದಳು. ಆಗಲಿಲ್ಲ. ಸುಧನ್ವನಿಗೆ ಎರಡು ಶಸ್ತ್ರಚಿಕಿತ್ಸೆಗಳಾಗಿದ್ದವು. ನಿನ್ನೆಯವರೆಗೂ ಅವನು ಮದ್ದಿನ ಅಮಲಿನಲ್ಲೇ ಇದ್ದ. ಎಚ್ಚರವಾದಾಗಲೆಲ್ಲ ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಕಾರಿನಲ್ಲಿ ಏನೇನು ಸಿಕ್ಕಿತು?' ಹೆಂಡತಿ ಹೇಗಿದ್ದಾಳೆಂದು ಒಮ್ಮೆಯೂ ಕೇಳಿರಲಿಲ್ಲ.

*

ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ ದಾಟಿದ ಮೇಲೆ ಎಡಗಡೆಗೆ ಮಂದಾರಂ ಆಟೋಸ್. ಮುಂದೆ ಗಾಜಿನ ಷೋರೂಮು, ಹಿಂದೆ ವರ್ಕ್‌ಶಾಪು. ಎರಡೂವರೆಯ ಹೊತ್ತು. ಹೊಸ ಕಾರೊಂದಕ್ಕೆ ಚೆಂಡುಹೂವಿನ ಹಾರ ಹಾಕಿ, ಒಂದು ಕುಟುಂಬ ಫೋಟೊ ತೆಗೆಸಿಕೊಳ್ಳುತ್ತಿತ್ತು. ಹದಿನಾಲ್ಕು ತಿಂಗಳ ಹಿಂದೆ ಅದೇ ಜಾಗದಲ್ಲಿ ತಾನೂ ಸುಧನ್ವನೂ ನಿಂತದ್ದು ಕೃಪಾಳಿಗೆ ನೆನಪಾಯಿತು. ಮುಖ ತಿರುಗಿಸಿ ನಡೆದಳು.

ಸರ್ವಿಸ್ ಮ್ಯಾನೇಜರ್ ಯಜ್ಞನಾರಾಯಣ ಕುಂಬಳೆಯವರು. ಕಬ್ಬಿಣದ ಬಣ್ಣದ ಟೈ, ಬೆರಳಲ್ಲಿ ಪವಿತ್ರದುಂಗುರ. ಗಾಜಿನ ಕೋಣೆಯಿಂದಲೇ ಎದ್ದು ಬಂದು ಕೈ ಹಿಡಿದುಕೊಂಡರು.

"ಬನ್ನಿ ಧರಣೇಂದ್ರರೇ! ಒಂದು ಫೋನ್ ಮಾಡಿದ್ರೆ ಊಟಕ್ಕೇ ಕರೀತಿದ್ದೆ. ಮ್ಯಾಡಂ, ಕೂತ್ಕೊಳ್ಳಿ. ಯಜಮಾನ್ರು ಹೇಗಿದ್ದಾರೆ?"

"ಬದುಕಿದ್ದಾರೆ" ಎಂದಳು ಕೃಪಾ.

"ದೇವರ ದಯೆ." ಅವರು ಗಂಟೆ ಒತ್ತಿ ಮೂರು ಚಹಾ ತರಿಸಿದರು. "ಈ ಪರ ಊರಲ್ಲಿ ನಮ್ಮ ಭಾಷೆಯವರು ಸಿಗುದೇ ಅಪರೂಪ. ನಾನು ನಿಮ್ಮ ಕಡೆಯವನೇ ಅಂತ ತಿಳ್ಕೊಂಡು ಮಾತಾಡಿ."

"ಹಾಗಾದ್ರೆ ಹೇಳಿ. ನನ್ನ ಗಂಡನ ಕಾರಿಗೆ ನೀವು ಹಾಕಿದ್ದು ಏನು?"

ಯಜ್ಞನಾರಾಯಣರು ಬೇಸರಪಡಲಿಲ್ಲ. ಮೇಜಿನ ಮೇಲೆ ಸಿದ್ಧವಾಗಿಯೇ ಇದ್ದ ಕಡತ ಬಿಚ್ಚಿದರು. ತಾವು ಬರುವುದು ಇವರಿಗೆ ಮೊದಲೇ ಗೊತ್ತಿತ್ತೇ ಎಂದು ಕೃಪಾಳಿಗೆ ಅನಿಸಿತು.

"ಇಲ್ಲಿ ನೋಡಿ, ಫೆಬ್ರವರಿ ಐದು. ಹೊಸ ಸ್ಟಿಯರಿಂಗ್ ಬಾಕ್ಸ್. ಯಜಮಾನ್ರೇ ಓಡಿಸಿ ನೋಡಿ ಸಹಿ ಹಾಕಿದ್ದಾರೆ. ಎರಡೇ ದಿನದಲ್ಲಿ ಹಾಳಾಯ್ತು ಅಂದ್ರೆ ನಡುವೆ ಹೊರಗಿನವರು ಯಾರೋ ಕೈ ಹಾಕಿರ್ಬೇಕು. ಹೊರಗೆ ಬಿಚ್ಚಿಸಿದ್ರೆ ವಾರಂಟಿ ಇಲ್ಲ. ನಾನು ಹೇಳುದಲ್ಲ, ನಿಮ್ಮ ಕೈಲಿರುವ ಪುಸ್ತಕದಲ್ಲೇ ಉಂಟು."

"ಯಾರು ಬಿಚ್ಚಿದ್ರು?"

"ಅದನ್ನು ಯಜಮಾನ್ರ ಹತ್ರ ಕೇಳ್ಬೇಕು ಮ್ಯಾಡಂ." ಅವರು ದನಿ ತಗ್ಗಿಸಿದರು. "ಅವರ ಜೊತೆ ಇದ್ದ ಆ ಹೆಂಗಸು ಯಾರು ಅಂತಲೂ ಅವರೇ ಹೇಳ್ಬೇಕಷ್ಟೆ. ನಮಗಂತೂ ಗೊತ್ತಿಲ್ಲ. ಇಂಥದ್ದೆಲ್ಲ ಕೋರ್ಟಿಗೆ ಹೋದ್ರೆ ಪೇಪರಿನಲ್ಲಿ ಬರ್ತದೆ. ನಿಮಗೇ ಕಷ್ಟ. ನಾನು ಅಣ್ಣನ ಹಾಗೆ ಹೇಳುದು."

ಹದಿನೆಂಟು ದಿನಗಳಿಂದ ನೆರೆಮನೆಯವರು, ಪೊಲೀಸರು, ಆಫೀಸಿನವರು ನುಂಗಿಕೊಂಡಿದ್ದ ಮಾತನ್ನು ಈ ಮನುಷ್ಯ ಚಹಾದ ಜೊತೆ ಮೇಜಿನ ಮೇಲಿಟ್ಟಿದ್ದ.

ಅಲ್ಲಿಯವರೆಗೆ ಸುಮ್ಮನಿದ್ದ ಧರಣೇಂದ್ರ ಕೇಳಿದರು, "ಎರಡು ಸಾವಿರದ ಇನ್ನೂರ ಹದಿನೆಂಟು. ಈ ನಂಬರ್ ಗೊತ್ತುಂಟಾ?"

ಯಜ್ಞನಾರಾಯಣರ ಚಮಚ ಲೋಟದಲ್ಲಿ ನಿಂತಿತು. ಒಂದೇ ಕ್ಷಣ. ಮತ್ತೆ ತಿರುಗತೊಡಗಿತು.

"ಅದು ಬೇರೆ ಗಿರಾಕಿಯ ಕಾರ್ಡು. ತೋರಿಸ್ಲಿಕ್ಕೆ ಆಗುದಿಲ್ಲ."

"ಕಾರ್ಡು ಅಂತ ನಾನು ಹೇಳಲೇ ಇಲ್ಲ."

"ನಾಲ್ಕು ಅಂಕೆ ಹೇಳಿದ್ರೆ ಇಲ್ಲಿ ಎಲ್ಲರೂ ಕಾರ್ಡು ಅಂತಲೇ ತಿಳೀತಾರೆ ಮಾರಾಯ್ರೆ. ಹನ್ನೊಂದು ವರ್ಷದಿಂದ ಇಲ್ಲಿಗೆ ಬರ್ತಾ ಇದ್ದೀರಿ, ನಿಮಗೆ ಗೊತ್ತಿಲ್ವಾ?"

"ಒಮ್ಮೆ ಹೆಸರು ನೋಡಿದ್ರೆ ಸಾಕು."

"ಕೋರ್ಟಿನ ಆರ್ಡರ್ ತನ್ನಿ. ನಾನೇ ಜೆರಾಕ್ಸ್ ಮಾಡಿಸಿ ಕೊಡ್ತೇನೆ."

ಕೃಪಾ ಎದ್ದಳು. "ಮುಖ ತೊಳ್ಕೊಂಡು ಬರ್ತೀನಿ."

*

ಮುಖ ತೊಳೆಯುವ ಜಾಗ ಬಲಕ್ಕಿತ್ತು. ಕೃಪಾ ಎಡಕ್ಕೆ ತಿರುಗಿದಳು.

ಸರ್ವಿಸ್ ಕೌಂಟರಿನಲ್ಲಿ ಒಬ್ಬಳೇ ಯುವತಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೊರಳಲ್ಲಿ ಐಡಿ ಕಾರ್ಡಿನ ಹೊಸ ದಾರ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಕ್ಕಿಲ್ಲ.

"ಎಂದಾ ಚೇಚಿ?" ಏನಕ್ಕಾ ಎಂದು ನಗುತ್ತ ಕೇಳಿದಳು.

ಮೂರು ವರ್ಷದಲ್ಲಿ ಕಲಿತ ಮಲಯಾಳವನ್ನೆಲ್ಲ ಒಟ್ಟುಗೂಡಿಸಿ ಕೃಪಾ ಹೇಳಿದಳು: ಹಳೆಯ ಜಾಬ್ ಕಾರ್ಡೊಂದರ ಪ್ರತಿ ಬೇಕು, ಮನೆಯಲ್ಲಿದ್ದದ್ದು ಕಳೆದುಹೋಗಿದೆ, ನಂಬರ್ ೨೨೧೮.

ಹುಡುಗಿ ಅಂಕೆ ಒತ್ತಿದಳು. ತೆರೆಯ ಮೇಲೆ ಕಣ್ಣಾಡಿಸಿ ತಲೆಯೆತ್ತಿ, ಕೃಪಾಳ ಮುಖ ನೋಡಿದಳು.

"ಮೇರಿ ಮ್ಯಾಡಂ ಅಲ್ವಾ? ಮೇರಿ ಲೋಬೊ?"

ಕೌಂಟರಿನ ಅಂಚನ್ನು ಕೃಪಾ ಗಟ್ಟಿಯಾಗಿ ಹಿಡಿದುಕೊಂಡಳು.

ಹದಿನೆಂಟು ದಿನಗಳಿಂದ ಅವಳು ದ್ವೇಷಿಸುತ್ತಿದ್ದ ಹೆಸರು. ನಿದ್ದೆಯಲ್ಲೂ ಬಿಡದ ಹೆಸರು. ಆ ಹೆಸರಿನಿಂದ ತನ್ನನ್ನೇ ಯಾರೋ ಕರೆಯುತ್ತಿದ್ದಾರೆ.

"ಹೌದು" ಎಂದಳು.

"ಮ್ಯಾಡಂದು ತುಂಬಾ ವಿಸಿಟ್ ಇದೆ. ಎಲ್ಲಾ ಹಿಸ್ಟರಿ ಪ್ರಿಂಟ್ ಮಾಡಲಾ?" ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

ಪ್ರಿಂಟರು ಕಿರುಗುಟ್ಟುತ್ತ ಹಾಳೆ ಹೊರದೂಡಿತು. ಕೃಪಾ ಅದನ್ನು ಹಿಡಿದುಕೊಂಡು, ಗಿರಾಕಿಗಳು ಕಾಯುವ ಸೋಫಾದ ತುದಿಯಲ್ಲಿ ಕೂತು ಓದಿದಳು.

ಮೇರಿ ಲೋಬೊ, ಕೇಂದ್ರ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ, ಕೊಚ್ಚಿ. ಸುಧನ್ವ ಕೊಂಡ ಮಾದರಿಯ ಕಾರೇ. ಜೂನಿನಲ್ಲಿ ಮೊದಲ ದೂರು: 'ತಿರುವಿನಲ್ಲಿ ಸ್ಟಿಯರಿಂಗ್ ಬಿಗಿಯುತ್ತದೆ.' ಎದುರಿಗೆ ಉತ್ತರ: 'ಪರೀಕ್ಷಿಸಲಾಗಿದೆ, ದೋಷವಿಲ್ಲ.' ಜುಲೈಯಲ್ಲಿ ಅದೇ ದೂರು, ಅದೇ ಉತ್ತರ. ಸೆಪ್ಟೆಂಬರಿನಲ್ಲಿ, 'ಮಗುವನ್ನು ಶಾಲೆಗೆ ಬಿಡುವಾಗ ಹೀಗಾಯಿತು, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ' ಎಂದು ಬರೆಸಿದ್ದಳು. ಕಡೆಗೆ ಜನವರಿ ಹದಿನೆಂಟರಂದು, ಕಾರ್ಡು ೨೨೧೮ರಲ್ಲಿ, ಸ್ಟಿಯರಿಂಗ್ ಬಾಕ್ಸ್ ಬದಲಾಯಿಸಿದ್ದರು.

ಆ ದಿನಾಂಕಗಳಲ್ಲಿ ನಾಲ್ಕು ಕೃಪಾಳಿಗೆ ಬಾಯಿಪಾಠವಾಗಿದ್ದವು. ಸುಧನ್ವ ತನ್ನ ಕಾರನ್ನು ಇಲ್ಲಿಗೆ ತಂದದ್ದೂ ಅವೇ ದಿನ.

ಇಲ್ಲೇ. ಈ ಸೋಫಾದ ಮೇಲೆಯೇ ಅವರಿಬ್ಬರ ಪರಿಚಯವಾಗಿರಬೇಕು. ಒಂದೇ ಕಾಯಿಲೆಯ ಇಬ್ಬರು ರೋಗಿಗಳ ಹಾಗೆ.

ಹಾಳೆಯ ಕೊನೆಯ ಸಾಲು ಫೆಬ್ರವರಿ ನಾಲ್ಕರದ್ದು. ಸ್ಟಿಯರಿಂಗ್ ಬದಲಾಯಿಸಿದ ಮೇಲೆ ಮೇರಿಯ ಕಾರಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೂ ಬಂದಿದ್ದಳು. 'ಬಿಚ್ಚಿದ ಹಳೆಯ ಭಾಗವನ್ನು ತೋರಿಸಬೇಕೆಂದು ಗಿರಾಕಿಯ ಕೋರಿಕೆ. ಅನುಮತಿ ಇಲ್ಲ.' ಕೆಳಗೆ ಮ್ಯಾನೇಜರರ ಹೆಸರು.

ಮರುದಿನ ಆ ಭಾಗ ಸುಧನ್ವನ ಕಾರಿನೊಳಗೆ ಕೂತಿತ್ತು. ಅದಾಗಿ ಎರಡು ದಿನಕ್ಕೆ ಅದೇ ಕಾರಿನಲ್ಲಿ ಮೇರಿ ಕೂತಿದ್ದಳು.

ತನ್ನ ಕಾರಿನಿಂದ ಹಟ ಹಿಡಿದು ತೆಗೆಸಿದ ಭಾಗವೇ ಅವಳನ್ನು ಕೊಂದಿತ್ತು.

ಕೃಪಾ ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ಮಗು ಇತ್ತು ಆಕೆಗೆ. ಅದನ್ನು ಕೂಡ ತಾನು ಕೇಳಿ ತಿಳಿದುಕೊಂಡಿರಲಿಲ್ಲ.

*

"ಈ ಹೆಂಗಸು ಯಾರು ಅಂತ ನಿಮಗೆ ಗೊತ್ತಿಲ್ಲ ಅಂದ್ರಿ."

ಕೃಪಾ ಹಾಳೆಯನ್ನು ಯಜ್ಞನಾರಾಯಣರ ಮುಂದೆ ಇಟ್ಟಳು. ಅವರು ಅದನ್ನು ಓದಲಿಲ್ಲ. ಗಾಜಿನಾಚೆ ಕೌಂಟರಿನ ಕಡೆ ನೋಡಿದರು.

"ಆ ಹುಡುಗಿಯನ್ನು ಬಯ್ಯಬೇಡಿ. ನಾನು ಸುಳ್ಳು ಹೇಳಿ ತಗೊಂಡೆ. ನೀವೂ ಹೇಳಿದ್ರಲ್ಲ, ನಾನೂ ಹೇಳಿದೆ" ಎಂದಳು ಕೃಪಾ. "ಏಳು ಸಲ ಬಂದಿದ್ದಾರೆ. ಕೊನೇ ಸಲ ನಿಮ್ಮನ್ನೇ ಕೇಳಿದ್ದಾರೆ. ಇಲ್ಲಿ ನಿಮ್ಮ ಹೆಸರಿದೆ."

ಧರಣೇಂದ್ರ ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಬಾಗಿದರು. ಮೇರಿಯ ಹೆಸರು ಕಂಡಾಗ ಅವರ ಹುಬ್ಬು ಗಂಟಿಕ್ಕಿತು.

"ದಿನಕ್ಕೆ ಹತ್ತು ಕಾರು ಬರ್ತದೆ. ಎಲ್ಲರ ಹೆಸರು ನೆನಪಿರ್ತದಾ?" ಯಜ್ಞನಾರಾಯಣರು ಕಪಾಟಿನಿಂದ ಇನ್ನೊಂದು ಕಾಗದ ತೆಗೆದರು. "ಮತ್ತೆ ನೀವು ಹೇಳುವ ಆ ಹಳೇ ಭಾಗ ಇಲ್ಲಿ ಇಲ್ಲ. ಜನವರಿ ಇಪ್ಪತ್ತೊಂಬತ್ತಕ್ಕೆ ಕಂಪೆನಿಗೆ ಕಳಿಸಿ ಆಗಿದೆ. ಇಗೊಳ್ಳಿ, ರವಾನೆ ಚೀಟಿ."

"ಜನವರಿಯಲ್ಲೇ ಕಳಿಸಿದ್ರೆ, ಫೆಬ್ರವರಿ ನಾಲ್ಕಕ್ಕೆ ಆಕೆ ಕೇಳಿದಾಗ 'ಕಳಿಸಿದ್ದೇವೆ' ಅಂತ ಹೇಳ್ಬಹುದಿತ್ತು. 'ಅನುಮತಿ ಇಲ್ಲ' ಅಂತ ಯಾಕೆ ಬರೆದ್ರಿ?" ಎಂದು ಕೇಳಿದಳು ಕೃಪಾ.

ಯಜ್ಞನಾರಾಯಣರು ಚೀಟಿಯನ್ನು ಹಿಂದಕ್ಕೆಳೆದುಕೊಂಡರು.

ಧರಣೇಂದ್ರ ಮೆಲ್ಲಗೆ ಹೇಳಿದರು, "ಕಂಪೆನಿಗೆ ಹೋದ ಭಾಗವನ್ನು ಇವತ್ತು ಬೆಳಿಗ್ಗೆ ನಾನು ತಿರುವನಂತಪುರದ ಠಾಣೆಯಲ್ಲಿ ಮುಟ್ಟಿ ಬಂದಿದ್ದೇನೆ ಯಜ್ಞನಾರಾಯಣರೇ. ಹಳದಿ ಬಣ್ಣದ ನಂಬರ್ ಸಮೇತ."

ಗಾಜಿನಾಚೆ ವರ್ಕ್‌ಶಾಪಿನಲ್ಲಿ ಯಾರೋ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದ್ದರು. ಯಜ್ಞನಾರಾಯಣರು ಎದ್ದು ಹೋಗಿ ಬಾಗಿಲು ಭದ್ರಪಡಿಸಿದರು. ತಿರುಗಿ ಬಂದಾಗ ಅಣ್ಣನ ದನಿ ಮಾಯವಾಗಿತ್ತು.

"ನಾನು ಸಹಿ ಹಾಕಿದ್ದು ಮಾತ್ರ. ಜೋಡಿಸಿದ್ದು ಇಬ್ರಾಹಿಂ. ನಮ್ಮ ಹಳೇ ಮೆಕ್ಯಾನಿಕ್ಕು."

"ಅವರನ್ನು ಕರೀರಿ" ಎಂದಳು ಕೃಪಾ.

"ಇಲ್ಲ. ಅಪಘಾತದ ಮರುದಿನವೇ ಊರಿಗೆ ಹೋದ. ಕಾಸರಗೋಡಿಗೆ. ಫೋನು ತೆಗೀತಾ ಇಲ್ಲ."

"ತಾನಾಗಿ ಹೋದ್ರಾ, ಕಳಿಸಿದ್ರಾ?"

"ಮ್ಯಾಡಂ, ನನಗೂ ಎರಡು ಮಕ್ಕಳಿದ್ದಾರೆ." ಅವರು ಟೈ ಸಡಿಲಿಸಿಕೊಂಡರು. "ಒಂದು ಕಾರು ನಿಲ್ಲಿಸಿದ್ರೆ ಮೇಲಿನವರಿಗೆ ಲೆಕ್ಕ ಕೊಡ್ಬೇಕು. ಹೊಸ ಭಾಗ ಬರ್ಲಿಕ್ಕೆ ತಿಂಗಳು ಹಿಡೀತದೆ. ಗಿರಾಕಿ ದಿನಾ ಬಂದು ಬೊಬ್ಬೆ ಹಾಕ್ತಾರೆ. ತೊಳೆದು ಹಾ​ಕಿದ್ರೆ ಆರು ತಿಂಗಳು ಓಡ್ತದೆ ಅಂತ ನಂಬಿದ್ದೆವು."

"ಅಂದ್ರೆ ನಮ್ಮದು ಮೊದಲನೇದಲ್ಲ."

ಅವರು ತುಟಿ ಕಚ್ಚಿಕೊಂಡರು. ಬಾಯಿ ತಪ್ಪಿ ಬಂದ ಮಾತು ವಾಪಸ್ ಹೋಗುವುದಿಲ್ಲವೆಂದು ಗೊತ್ತಾದಂತಿತ್ತು.

"ಮೇರಿ ಬಂದು ಕೇಳಿದ ಮರುದಿನವೇ ಆ ಭಾಗವನ್ನು ಇನ್ನೊಂದು ಕಾರಿಗೆ ಸೇರಿಸಿದ್ರಿ. ಅದು ಸರ್ವಿಸ್ ಅಲ್ಲ, ಸಾಕ್ಷಿ ಬಚ್ಚಿಟ್ಟಿದ್ದು." ಕೃಪಾ ನಿಲ್ಲಿಸಲಿಲ್ಲ. "ಬಚ್ಚಿಡಿ ಅಂತ ಹೇಳಿದ್ದು ಯಾರು? ಹೇಳಿ. ಯಾರಾದ್ರೂ ಹೇಳಿರ್ಬೇಕು. ಹೀಗೆ ಮಾಡಿದ್ರೆ ಸಿಕ್ಕಿಬೀಳಲ್ಲ ಅಂತ ಯಾರೋ ಧೈರ್ಯ ಕೊಟ್ಟಿರ್ಬೇಕು."

ಯಜ್ಞನಾರಾಯಣರು ಅವಳ ಕಡೆ ನೋಡಲಿಲ್ಲ. ಧರಣೇಂದ್ರರನ್ನು ನೋಡಿದರು. ಬಹಳ ಹೊತ್ತು.

"ಇದನ್ನು ಕೇಳ್ಲಿಕ್ಕೆ ಇವರನ್ನು ಇಲ್ಲಿಗೆ ಕರ್ಕೊಂಡು ಬಂದದ್ದು ನೀವಾ, ಧರಣೇಂದ್ರರೇ?"

"ಸಾಕು." ಧರಣೇಂದ್ರ ಕುರ್ಚಿ ಹಿಂದೆ ತಳ್ಳಿ ಎದ್ದರು. "ಉಳಿದದ್ದನ್ನು ಪೊಲೀಸರ ಎದುರು ಹೇಳಿ. ಬನ್ನಿ ಕೃಪಾ, ಹೋಗುವ."

ಇನ್ನೊಂದು ನಿಮಿಷ ಕೂತಿದ್ದರೆ ಆ ಮನುಷ್ಯ ಹೆಸರು ಹೇಳಿಬಿಡುತ್ತಿದ್ದ ಎಂದು ಅವಳಿಗೆ ಅನಿಸಿತು. ಆದರೆ ಧರಣೇಂದ್ರ ಆಗಲೇ ಬಾಗಿಲು ತೆರೆದಿದ್ದರು.

*

ಹೊರಗೆ ಬಂದವಳೇ ಕೃಪಾ ರಸ್ತೆ ಬದಿಯ ನೆರಳಿಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದಳು. ಸುಧನ್ವನ ಅಕ್ಕ ಶಾಂತಾ ಮೈಸೂರಿನಿಂದ ಬಂದು ಅವನ ಜೊತೆಗಿದ್ದಳು.

"ಅತ್ತಿಗೆ, ಅವರಿಗೆ ಎಚ್ಚರ ಇದ್ಯಾ? ಕೊಡಿ, ಈಗಲೇ ಮಾತಾಡ್ಬೇಕು."

"ಇವತ್ತು ಪರವಾಗಿಲ್ಲ ಕಣೆ. ಎದ್ದು ಕೂತು ಗಂಜಿ ಕುಡಿದ. ತಗೋ."

"ಕೃಪಾ?" ಅವನ ದನಿ ಬಳಲಿತ್ತು, ಆದರೆ ತಿಳಿಯಾಗಿತ್ತು. ಹದಿನೆಂಟು ದಿನಗಳ ಮೇಲೆ ಅದು ಮತ್ತೆ ಅವಳ ಗಂಡನ ದನಿಯಾಗಿತ್ತು.

"ಮೇರಿ ಯಾರು ಅಂತ ಗೊತ್ತಾಯ್ತು" ಎಂದಳು. "ನಾನು ಏನೇನೋ ಅಂದ್ಕೊಂಡಿದ್ದೆ. ನೀವು ಒಂದು ಮಾತು ಹೇಳ್ಬಾರ್ದಿತ್ತಾ?"

ಆ ಕಡೆ ಉಸಿರು ಕೇಳಿಸಿತು.

"ನಿನ್ನನ್ನ ಇದರಲ್ಲಿ ಎಳೀಬಾರ್ದು ಅಂತಿದ್ದೆ. ಮೇರಿಗೆ ಎರಡು ಸಲ ಬೆದರಿಕೆ ಫೋನ್ ಬಂದಿತ್ತು. ಅವತ್ತು ತಿರುವನಂತಪುರದಲ್ಲಿ ಗ್ರಾಹಕರ ಆಯೋಗಕ್ಕೆ ದೂರು ಕೊಡೋದಿತ್ತು. ಸಾಯಂಕಾಲ ಮನೆಗೆ ಬಂದು ನಿಂಗೆ ಎಲ್ಲ ಹೇಳೋಣ ಅಂದ್ಕೊಂಡಿದ್ದೆ. ಕೃಪಾ, ಕಾರಿನಲ್ಲಿ ಒಂದು ಹಸಿರು ಫೈಲ್ ಇತ್ತು. ಮೇರಿ ಮಡಿಲಲ್ಲೇ ಇತ್ತು. ಪೊಲೀಸರ ಪಟ್ಟಿಯಲ್ಲಿ ಇದ್ಯಾ?"

"ಇಲ್ಲ. ಫೈಲ್ ಯಾವುದೂ ಇಲ್ಲ. ಹೋಗ್ಲಿ ಬಿಡಿ, ಅದಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕಿದೆ. ನಿಮ್ಮ ತಪ್ಪಿಲ್ಲ ಅಂತ ಸಾಬೀತಾಗುತ್ತೆ. ಎಲ್ಲ ಧರಣೇಂದ್ರ ಸರ್ ಇದ್ದದ್ರಿಂದ. ಅವರು ಇಲ್ದಿದ್ರೆ ನಾನು..."

"ಯಾರು?"

"ಸರ್ವೇಯರ್. ಹೇಳಿದ್ನಲ್ಲ, ಕನ್ನಡದವರು, ತುಂಬಾ ಸಹಾಯ ಮಾಡ್ತಿದ್ದಾರೆ ಅಂತ."

"ಹೆಸರು ಹೇಳಿರ್ಲಿಲ್ಲ ನೀನು." ಸುಧನ್ವನ ದನಿ ಪಿಸುಮಾತಿಗಿಳಿಯಿತು. "ಕೃಪಾ, ಸರಿಯಾಗಿ ಕೇಳಿಸ್ಕೋ. ಆ ಫೈಲಿನಲ್ಲಿ ಹನ್ನೊಂದು ಕಾರಿನ ವಿವರ ಇತ್ತು. ಎಲ್ಲದಕ್ಕೂ ಇದೇ ಸ್ಟಿಯರಿಂಗ್ ತೊಂದರೆ. ಅದರಲ್ಲಿ ಮೂರು ಕಾರು ಆಕ್ಸಿಡೆಂಟ್ ಆಗಿದ್ವು. ಮೂರಕ್ಕೂ, ಕಾರು ಸರಿಯಾಗಿತ್ತು, ಓಡಿಸಿದವರ ತಪ್ಪು ಅಂತ ವರದಿ ಬರೆದುಕೊಟ್ಟಿದ್ದು ಒಬ್ಬನೇ ಸರ್ವೇಯರ್. ಮೇರಿ ಆ ಹೆಸರನ್ನ ಮೊದಲನೇ ಪುಟದಲ್ಲೇ ಬರೆದಿದ್ಲು."

ಕೃಪಾಳಿಗೆ ಜಂಕ್ಷನ್ನಿನ ಸದ್ದೆಲ್ಲ ದೂರ ಹೋದಂತಾಯಿತು.

"ಅಪಘಾತ ಆದ್ಮೇಲೆ ಕಾರನ್ನ ಮೊದಲು ನೋಡಿದ್ದು ಯಾರು?" ಸುಧನ್ವ ಕೇಳಿದ. "ಪೊಲೀಸರು ಪಟ್ಟಿ ಮಾಡೋಕಿಂತ ಮೊದಲು?"

ಅವಳಿಗೆ ಉತ್ತರ ಗೊತ್ತಿತ್ತು. ಪೊಲೀಸರ ಪಟ್ಟಿಗೂ ಮೊದಲು ಬಂದವರು ಧರಣೇಂದ್ರರೇ.

"ಒಬ್ಬಳೇ ಬಾ. ಬಸ್ಸಲ್ಲಿ ಬಾ, ರೈಲಲ್ಲಿ ಬಾ. ಅವರ ಕಾರಿಗೆ ಮಾತ್ರ ಹತ್ತಬೇಡ."

ಅವಳು ನಿಧಾನಕ್ಕೆ ತಿರುಗಿದಳು.

ಅಂಬಾಸಿಡರಿನ ಪಕ್ಕ ಧರಣೇಂದ್ರ ನಿಂತಿದ್ದರು. ಮ್ಯಾನೇಜರರ ಮೇಜಿನ ಮೇಲೆ ಅವಳು ಬಿಟ್ಟುಬಂದಿದ್ದ ಮೇರಿಯ ಹಾಳೆ ಅವರ ಕೈಯಲ್ಲಿತ್ತು. ಅದನ್ನು ನಾಲ್ಕಾಗಿ ಮಡಚಿ, ಅಂಗಿಯ ಒಳಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿದರು.

"ಎಂತ ಹೇಳ್ತಾರೆ ಸುಧನ್ವ?" ಎಂದು ಕೇಳಿದರು.

"ಏನಿಲ್ಲ ಸರ್. ನೋವು ಜಾಸ್ತಿಯಂತೆ." ಅವಳು ಕೈ ಚಾಚಿದಳು. "ಆ ಹಾಳೆ ಕೊಡಿ. ನನ್ನ ಹತ್ರಾನೇ ಇರ್ಲಿ."

ಧರಣೇಂದ್ರ ಅವಳ ಮುಖವನ್ನೂ ಕೈಯಲ್ಲಿದ್ದ ಫೋನನ್ನೂ ನೋಡಿದರು. ಆಮೇಲೆ ಸುತ್ತಿ ಬಂದು, ಕಾರಿನ ಎಡಬಾಗಿಲು ತೆರೆದು ಹಿಡಿದರು.

"ಮೊದಲು ಕೂತ್ಕೊಳ್ಳಿ" ಎಂದರು.